ಪದ ಬೇಕಿತ್ತು: ‘ಡಿಮಾಂಡ್ ಫೋರ್‌ಕಾಸ್ಟ್’ (ನಾಳೆ ಸಂಜೆಯೊಳಗೆ)

ಕುಂಬಳೆಯಿಂದ:

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ನಮ್ಮೂರಿನ ಒಂದು ದಿನಸಿ ಅಂಗಡಿಯವರು ಮೊಬೈಲಿನಲ್ಲಿ ಆರ್ಡರ್ ತೆಗೆದುಕೊಂಡು ಸಾಮಾನನ್ನು ಮನೆಗೆ ಮುಟ್ಟಿಸುತ್ತಾರೆ. ಈಗ ಹೊಸ ಸಾಫ್ಟ್‌ವೇರ್ ಹಾಕಿಸಿದ್ದಾರೆ. ಹಿಂದಿನ ಮಾರಾಟ, ವಾರ, ಹಬ್ಬ, ಮಳೆ ಎಲ್ಲ ನೋಡಿ ನಾಳೆ ಯಾವ ಸಾಮಾನಿಗೆ ಎಷ್ಟು ಆರ್ಡರ್ ಬರಬಹುದು ಅಂತ ಅದು ಮೊದಲೇ ಹೇಳುತ್ತದೆ. ಇದಕ್ಕೇ ‘ಡಿಮಾಂಡ್ ಫೋರ್‌ಕಾಸ್ಟ್’ ಅನ್ನುತ್ತಾರೆ. ಆ ಲೆಕ್ಕ ನೋಡಿ ಹಿಂದಿನ ರಾತ್ರಿಯೇ ಸಕ್ಕರೆ, ಬೇಳೆ ಕಟ್ಟಿಡುತ್ತಾರೆ. ಜಾಸ್ತಿ ಹೋಗುವ ಸಾಮಾನನ್ನು ಪ್ಯಾಕಿಂಗ್ ಮೇಜಿನ ಹತ್ತಿರ ತಂದಿಡುತ್ತಾರೆ. ಬೆಳಗ್ಗೆ ಎಷ್ಟು ಜನ ಕೆಲಸಕ್ಕೆ ಬೇಕು ಅನ್ನುವುದೂ ಅದರಿಂದಲೇ ತೀರ್ಮಾನ. ಆರ್ಡರ್ ಬಂದ ಮೇಲೆ ಸಾಮಾನು ಹುಡುಕುತ್ತಾ ಗೋದಾಮಿನಲ್ಲಿ ಓಡಾಡುವ ಹೊತ್ತು ಇದರಿಂದ ಉಳಿಯುತ್ತದೆ.

ಪ್ಯಾಕಿಂಗ್ ಕೋಣೆಯ ಬೋರ್ಡಿಗೆ ಮಲಯಾಳ, ಇಂಗ್ಲಿಷ್ ಎರಡೂ ತಯಾರಾಗಿವೆ. ಕನ್ನಡದ ಜಾಗಕ್ಕೆ ಯಾರೋ ‘ಬೇಡಿಕೆ ಪ್ರವಚನ’ ಅಂತ ಬರೆದುಕೊಟ್ಟಿದ್ದಾರೆ. ಮಲಯಾಳದಲ್ಲಿ ‘ಕಾಲಾವಸ್ಥಾ ಪ್ರವಚನಂ’ ಅಂದರೆ ಹವಾಮಾನ ಮುನ್ಸೂಚನೆ, ಅಲ್ಲಿಗೆ ಅದು ಸರಿ. ನಮಗೆ ಪ್ರವಚನ ಅಂದರೆ ದೇವಸ್ಥಾನದಲ್ಲೋ ಮಠದಲ್ಲೋ ಕೂತು ಕೇಳುವಂಥದ್ದು. ಅದು ಗೋಡೆಗೆ ಏರಬಾರದು. ‘ಬೇಡಿಕೆ ಮುನ್ಸೂಚನೆ’ ಆಗಬಹುದೇ? ಕಪಾಟಿನಿಂದ ಸಾಮಾನು ತೆಗೆದು ಬುಟ್ಟಿಗೆ ಹಾಕುವ ‘ಪಿಕಿಂಗ್’ ಕೆಲಸಕ್ಕೂ ಒಂದು ಮಾತು ಬೇಕು.

ಹೊಸೂರಿನಿಂದ:

ಮುನ್ಸೂಚನೆ ಬೇಡ. ಅರಿಸಮಾಸ, ಕನ್ನಡದ ‘ಮುನ್’ಗೆ ಸಂಸ್ಕೃತದ ‘ಸೂಚನೆ’ ಜೋಡಿಸಿದ್ದು. ‘ಬೇಡಿಕೆಯ ಮುಂಗಾಣ್ಕೆ’ ಅನ್ನಿ. ಬೇಡು, ಕಾಣು ಎರಡೂ ನಮ್ಮವು. ಮುಂಗಾರು, ಮುಂಗಡ ತಿಳಿಯುವ ಜನಕ್ಕೆ ಮುಂಗಾಣ್ಕೆ ಯಾಕೆ ತಿಳಿಯುವುದಿಲ್ಲ? ‘ದಿನಸಿ’ಯನ್ನೂ ಬಿಡಿ, ಅದರಲ್ಲಿ ಇರುವುದು ಸಂಸ್ಕೃತದ ‘ದಿನ’. ಪಿಕಿಂಗಿಗೆ ‘ಆಯ್ಕೆ’ ಸಾಕು.

ಬದಿಯಡ್ಕದಿಂದ:

ಹೊಸೂರಿನ ಅಣ್ಣನವರೇ, ದಿನಸಿಗೂ ದಿನಕ್ಕೂ ಸಂಬಂಧವೇ ಇಲ್ಲ. ಅದು ಅರಬಿಯ ‘ಜಿನ್ಸ್’, ಜಿನಸು ಆಗಿ ಬಂದದ್ದು. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಇವತ್ತಿಗೂ ‘ಜೀನಸಿನ ಅಂಗಡಿ’ ಇದೆ. ಅರಿಸಮಾಸದ ಮಾತೂ ಅಷ್ಟೇ. ರೂಢಿಗೆ ಬಂದದ್ದಕ್ಕೆ ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಆ ಚರ್ಚೆ ಸಾಕು.

ಆದರೂ ಮುನ್ಸೂಚನೆ ನನಗೂ ಬೇಡ. ಕಾರಣ ಬೇರೆ. ಇದು ಒಂದು ಅಂಕಿ. ತಪ್ಪಬಹುದಾದ ಅಂಕಿ. ಅಂಕಿ ಹೆಚ್ಚಾದರೆ ಕೊತ್ತಂಬರಿ ಸೊಪ್ಪು ಬಾಡುತ್ತದೆ. ಕಡಿಮೆಯಾದರೆ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾರೆ. ಉಪ್ಪು ಜಾಸ್ತಿ ತಂದಿಟ್ಟರೆ ನಷ್ಟವಿಲ್ಲ, ಸೊಪ್ಪು ಜಾಸ್ತಿ ತಂದರೆ ಇದೆ. ಹಾಗಾಗಿ ಕಟ್ಟುವವರು ಬೋರ್ಡಿನ ಅಂಕಿಯನ್ನು ಆಯಾ ಸಾಮಾನಿಗೆ ತಕ್ಕಂತೆ ತೂಗಿ ನೋಡಬೇಕು. ‘ಮುನ್ಸೂಚನೆ’ ಅಂತ ಬರೆದರೆ ಅದನ್ನು ಅಪ್ಪಣೆಯ ಹಾಗೆ ಓದುತ್ತಾರೆ. ‘ಅಂದಾಜು’ ಅಂದರೆ ಆಚೀಚೆ ಆಗಬಹುದು ಅನ್ನುವುದು ಮಾತಿನಲ್ಲೇ ಬರುತ್ತದೆ.

‘ಬೇಡಿಕೆ’ ಮಾತ್ರ ಇರಲಿ. ‘ಮಾರಾಟದ ಅಂದಾಜು’ ಮಾಡಬೇಡಿ. ಕಪಾಟು ಖಾಲಿಯಾದ ದಿನ ಮಾರಾಟ ಸೊನ್ನೆ, ಕೇಳಿದವರು ಎಷ್ಟೋ ಜನ. ಆ ಸೊನ್ನೆಯನ್ನೇ ಬೇಡಿಕೆ ಅಂತ ಹಿಡಿದ ಲೆಕ್ಕ ಮರುದಿನವೂ ಕಡಿಮೆ ಹೇಳುತ್ತದೆ, ಮತ್ತೆ ಕಪಾಟು ಖಾಲಿ.

ಇನ್ನೊಂದು ವಿಷಯ. ನಮ್ಮೂರಿನ ಬೇಡಿಕೆ ಒಂದೇ ಕ್ಯಾಲೆಂಡರಿನಲ್ಲಿ ನಡೆಯುವುದಿಲ್ಲ. ಬಿಸು ಸೌರಮಾನದ ಯುಗಾದಿ, ಏಪ್ರಿಲ್ 14 ಅಥವಾ 15. ಆ ಬೆಳಗ್ಗೆ ಎದ್ದ ಕೂಡಲೇ ನೋಡಲು ಜೋಡಿಸಿಡುವ ಕಣಿಗೆ ಸೌತೆಕಾಯಿ ಬೇಕೇ ಬೇಕು. ನಾಗರಪಂಚಮಿ ಚಾಂದ್ರಮಾನದ್ದು. 2024ರಲ್ಲಿ ಆಗಸ್ಟ್ 9ಕ್ಕೆ ಬಂತು, 2025ರಲ್ಲಿ ಜುಲೈ 29ಕ್ಕೇ ಬಂತು. ಕಡುಬಿಗೆ ಅರಿಶಿನದ ಎಲೆ ಕೇಳುವುದು ಆಗ. ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅದರ ಜೊತೆ ಖರ್ಜೂರದ ಬೇಡಿಕೆಯೂ. ಕಳೆದ ವರ್ಷದ ಅದೇ ತಾರೀಕು ನೋಡಿ ಲೆಕ್ಕ ಹಾಕುವ ಸಾಫ್ಟ್‌ವೇರಿಗೆ ಈ ಮೂರನ್ನೂ ನಾವೇ ಹೇಳಿಕೊಡಬೇಕು. ಅಂಗಡಿಯವರು ಇದನ್ನು ಮಾಡಿದ್ದಾರಾ ಅಂತ ದಯವಿಟ್ಟು ವಿಚಾರಿಸಿ.

‘ಆಯ್ಕೆ’ ತಪ್ಪು. ಆಯ್ಕೆ ಮಾಡುವವರು ಗಿರಾಕಿಗಳು. ಕೆಲಸದವರು ಚೀಟಿ ನೋಡಿ ಹೆಕ್ಕುತ್ತಾರೆ. ಅಡಿಕೆ ಹೆಕ್ಕುವ ಊರಿನಲ್ಲಿ ಬೇರೆ ಪದ ಯಾಕೆ? ‘ಹೆಕ್ಕುವ ಪಟ್ಟಿ’ ಅಂತ ಬರೆಯಿರಿ.

ಅಕ್ಕಲಕೋಟದಿಂದ:

ಅಂದಾಜು ಫಾರ್ಸಿ ಮೂಲದ್ದು, ನಮ್ಮ ಕಡೆಗೆ ಮರಾಠಿಯ ಬಾಯಿಂದ ಬಂದದ್ದು. ಇಲ್ಲಿ ಮಹಾರಾಷ್ಟ್ರದಲ್ಲಿ ನಮ್ಮ ಮಕ್ಕಳ ಮಾತಿನಲ್ಲಿ ಕನ್ನಡದ ಪದ ಒಂದೊಂದೇ ಹೋಗಿ ಮರಾಠಿ ಬಂದು ಕೂರುತ್ತಿದೆ. ಬೋರ್ಡಿನಲ್ಲಾದರೂ ಅಚ್ಚಗನ್ನಡ ಇರಲಿ. ಹೆಸರಿನಲ್ಲಿ ‘ಕೃತಕ ಬುದ್ಧಿಮತ್ತೆ’ ಅಂತಲೂ ಸೇರಿಸಿದರೆ ಏನು ಸಾಫ್ಟ್‌ವೇರ್ ಅಂತ ಗೊತ್ತಾಗುತ್ತದೆ.

ಬದಿಯಡ್ಕದಿಂದ:

ಬುದ್ಧಿಮತ್ತೆ ಸೇರಿಸಬೇಡಿ. ಈ ಲೆಕ್ಕ ಹಳೆಯದು. ಹತ್ತಿರದ ದಿನಗಳ ಮಾರಾಟಕ್ಕೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ ತೂಕ ಕೊಟ್ಟು ಏರಿಳಿತ ಹಿಡಿಯುವ ಕ್ರಮವನ್ನು ಹೋಲ್ಟ್ ಅನ್ನುವವರು 1957ರಲ್ಲೇ ಬರೆದಿಟ್ಟರು. 1960ರಲ್ಲಿ ವಿಂಟರ್ಸ್ ಅನ್ನುವವರು ಅದಕ್ಕೆ ಋತುಮಾನದ ಲೆಕ್ಕ ಸೇರಿಸಿದರು. ಇವತ್ತಿಗೂ ಎಷ್ಟೋ ಕಡೆ ಇದೇ ಓಡುತ್ತದೆ. ಮಾಡುವ ಕೆಲಸಕ್ಕೆ ಹೆಸರಿಡಿ, ಯಂತ್ರಕ್ಕಲ್ಲ.

ಅಂದಾಜು ಎಲ್ಲಿಂದ ಬಂದರೇನು? ಮನೆ ಕಟ್ಟುವ ಮೇಸ್ತ್ರಿಯೂ ಹೇಳುತ್ತಾರೆ, ಅಡುಗೆ ಮಾಡುವವರೂ ಹೇಳುತ್ತಾರೆ. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ಬೀದಿಗೆ ಇಳಿದ ಊರು ನಮ್ಮದು. ಭಾಷೆ ಕಳೆದುಕೊಳ್ಳುವ ಭಯ ನಮಗೆ ಯಾರೂ ಕಲಿಸಬೇಕಾಗಿಲ್ಲ. ಓದಿದವರಿಗೆ ಅರ್ಥವಾಗದ ಕನ್ನಡ ಬರೆದಿಟ್ಟರೆ ಜನ ಪಕ್ಕದ ಮಲಯಾಳ ಸಾಲನ್ನೇ ಓದುತ್ತಾರೆ. ಆಮೇಲೆ ಕನ್ನಡದ ಸಾಲು ಯಾಕೆ ಅಂತ ಅಂಗಡಿಯವರೇ ಕೇಳುತ್ತಾರೆ.

ಹೊಸೂರಿನಿಂದ:

ಅರ್ಥವಾಗುವುದಿಲ್ಲ ಅನ್ನುವುದು ಸೋಮಾರಿತನದ ನೆಪ. ಬರೆದರೆ ತಾನೇ ರೂಢಿಯಾಗುವುದು? ಇಮೇಲಿಗೆ ಕಟ್ಟಿದ ‘ಮಿಂಚಂಚೆ’ಯನ್ನೂ ಮೊದಲು ಹೀಗೆಯೇ ತಳ್ಳಿಹಾಕಿದ್ದರು.

ಹೆಕ್ಕು ಒಳ್ಳೆಯದು. ನಮ್ಮ ಕಡೆ ಬಳಕೆಯಲ್ಲಿಲ್ಲ, ಆದರೆ ಹಳಗನ್ನಡದ ‘ಪೆರ್ಕು’ ಅದೇ. ತಮಿಳಿನ ‘ಪೊರುಕ್ಕು’, ಮಲಯಾಳದ ‘ಪೆರುಕ್ಕುಕ’ ಎರಡೂ ಅದರ ಒಡಹುಟ್ಟು. ನನ್ನ ‘ಆಯ್ಕೆ’ಯನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಅಂದಾಜಿಗೆ ಒಪ್ಪಿಗೆ ಇಲ್ಲ.

ಕುಂಬಳೆಯಿಂದ:

ಎಲ್ಲರಿಗೂ ಧನ್ಯವಾದ. ‘ನಾಳೆಯ ಬೇಡಿಕೆ – ಅಂದಾಜು’, ಅದರ ಕೆಳಗೆ ‘ಹೆಕ್ಕುವ ಪಟ್ಟಿ’ ಅಂತ ಬರೆದುಕೊಟ್ಟೆ. ಕೆಲಸದ ಹುಡುಗಿಯರಿಗೆ ಓದಿ ತೋರಿಸಿದೆ, ಯಾರೂ ಅರ್ಥ ಕೇಳಲಿಲ್ಲ. ಬದಿಯಡ್ಕದ ಮಾಷ್ಟ್ರೇ, ಹಬ್ಬದ ವಿಷಯ ವಿಚಾರಿಸಿದೆ. ಓಣಂ ಮತ್ತು ಬಿಸು ಮಾತ್ರ ಸೇರಿಸಿದ್ದಾರಂತೆ. ಪಂಚಮಿ, ಚೌತಿ, ರಂಜಾನಿನ ತಾರೀಕು ಬರೆದುಕೊಡಿ ಅಂದಿದ್ದಾರೆ. ಈ ವಾರವೇ ಕೊಡುತ್ತೇನೆ.

ಒಂದು ಉಳಿದಿದೆ. ಕೇಳಿದ ಸಾಮಾನು ಇಲ್ಲದಾಗ ಅದರ ಬದಲು ಕೊಡುವುದಕ್ಕೆ ‘ಬದಲಿ ಸಾಮಾನು’ ಅಂತ ಹಾಕಿದ್ದೇನೆ.

ಹೊಸೂರಿನಿಂದ:

‘ಬದಲಿ’ ಅರಬಿ. ‘ಮಾರುಸರಕು’ ಅನ್ನಿ.