ದೀರ್ಘ ಓಟದ ಬಳಿಕ ನೆಗಡಿ: ರೋಗನಿರೋಧಕ ಶಕ್ತಿ ನಿಜವಾಗಿಯೂ ಕುಗ್ಗುತ್ತದೆಯೇ?

ಪ್ರಶ್ನೆ – ಬೆಳಗಿನ ಓಟಗಾರ
ನಾನು ಮ್ಯಾರಥಾನಿಗೆ ತಯಾರಿ ನಡೆಸುತ್ತಿದ್ದೇನೆ. 30 ಕಿಲೋಮೀಟರ್ ಓಡಿದ ಮರುದಿನ ಹಲವು ಬಾರಿ ಗಂಟಲು ಕೆರೆತ, ನೆಗಡಿ ಕಾಣಿಸಿಕೊಳ್ಳುತ್ತದೆ. ವಿಪರೀತ ದಣಿದಾಗ ರೋಗನಿರೋಧಕ ಶಕ್ತಿ ಕೆಲವು ಗಂಟೆ ಕುಗ್ಗಿರುತ್ತದೆ ಎಂದು ತರಬೇತುದಾರರು ಹೇಳುತ್ತಾರೆ. ಇದು ಸರಿಯೇ? ಸಣ್ಣ ಜ್ವರವಿದ್ದರೆ ಓಡಿ ಬೆವರಿಳಿಸಿದರೆ ಬಿಟ್ಟುಹೋಗುತ್ತದೆ ಎನ್ನುವ ಗೆಳೆಯರೂ ಇದ್ದಾರೆ.

ಉತ್ತರ 1 – ಸೂಕ್ಷ್ಮದರ್ಶಕ
ತರಬೇತುದಾರರ ಮಾತು ನಿರಾಧಾರವೇನಲ್ಲ. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಮುಗಿದ ವಾರದಲ್ಲಿ ಓಡಿದವರ ಪೈಕಿ ಶೇ. 12.9ರಷ್ಟು ಮಂದಿ ಸೋಂಕಿನ ಲಕ್ಷಣಗಳನ್ನು ಹೇಳಿಕೊಂಡರೆ, ಅಷ್ಟೇ ಪಳಗಿದ್ದೂ ಅಂದು ಓಡದಿದ್ದವರಲ್ಲಿ ಅದು ಶೇ. 2.2 ಮಾತ್ರ ಎಂದು ಅಮೆರಿಕದ ವ್ಯಾಯಾಮ ವಿಜ್ಞಾನಿ ಡೇವಿಡ್ ನೀಮನ್ ಮತ್ತು ಸಂಗಡಿಗರು ವರದಿ ಮಾಡಿದ್ದರು. ಆದರೆ ಇವು ಓಟಗಾರರು ತಾವೇ ಹೇಳಿಕೊಂಡ ಲಕ್ಷಣಗಳೇ ಹೊರತು ಪ್ರಯೋಗಾಲಯದಲ್ಲಿ ದೃಢಪಟ್ಟ ಸೋಂಕುಗಳಲ್ಲ. ಗಂಟೆಗಟ್ಟಲೆ ಬಾಯಿಯಿಂದ ಒಣಗಾಳಿ, ಧೂಳು ಎಳೆದುಕೊಂಡರೂ ಗಂಟಲು ಕೆರೆಯುತ್ತದೆ.

ಓಡುವಾಗ ಅಡ್ರಿನಲಿನ್ ಹಾರ್ಮೋನಿನ ಪ್ರಭಾವದಿಂದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ರಕ್ತದಲ್ಲಿ ಹೆಚ್ಚಾಗಿ, ಓಟ ನಿಂತ ಒಂದೆರಡು ಗಂಟೆಗಳಲ್ಲಿ ಮೊದಲಿದ್ದುದಕ್ಕಿಂತಲೂ ಕೆಳಗಿಳಿಯುತ್ತವೆ. ಈ ಇಳಿಕೆಯನ್ನೇ ಬಹುಕಾಲ ದೌರ್ಬಲ್ಯವೆಂದು ಓದಲಾಯಿತು. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರಾದ ಕ್ಯಾಂಬೆಲ್ ಮತ್ತು ಟರ್ನರ್ 2018ರಲ್ಲಿ ಇದನ್ನು ಪ್ರಶ್ನಿಸಿ, ಆ ಕಣಗಳು ನಾಶವಾಗದೆ ಶ್ವಾಸಕೋಶ, ಕರುಳಿನಂಥ ಭಾಗಗಳಿಗೆ ತೆರಳುತ್ತವೆ ಎಂದು ವಾದಿಸಿದರು. ಠಾಣೆಯಲ್ಲಿ ಪೊಲೀಸರು ಕಾಣದಿದ್ದರೆ ಗಸ್ತಿಗೆ ಹೋಗಿರಬಹುದಲ್ಲವೇ? ನನಗೆ ಈ ವಾದವೇ ಹೆಚ್ಚು ಒಪ್ಪಿತವಾಗಿದೆ.

ಉತ್ತರ 2 – ಹಳೆಯ ವಿದ್ಯಾರ್ಥಿ
ವಾದ ಇನ್ನೂ ಮುಗಿದಿಲ್ಲ. ವಿಪರೀತ ಓಟದ ಬಳಿಕ ರೋಗನಿರೋಧಕ ಶಕ್ತಿ ಕುಗ್ಗುತ್ತದೆ ಎಂಬ ತಮ್ಮ ನಿಲುವನ್ನು ನೀಮನ್ ಅವರೂ ಬಿಟ್ಟುಕೊಟ್ಟಿಲ್ಲ. ಪ್ರಯಾಣ, ಸ್ಪರ್ಧೆಯ ಹಿಂದಿನ ರಾತ್ರಿಯ ನಿದ್ದೆಗೇಡು, ಜನಜಂಗುಳಿ ಇವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಜ್ವರದಲ್ಲಿ ಓಡುವುದು ಬೇರೆಯೇ ಸಂಗತಿ, ಅಲ್ಲಿ ಗೆಳೆಯರ ಮಾತನ್ನು ಕೇಳಬೇಡಿ. ಪೋಲಿಯೊ ಸೋಂಕಿನ ಆರಂಭದಲ್ಲಿ, ಅಂಗಗಳು ಸೋಲುವ ಮುನ್ನ, ಮೈಮುರಿದು ದುಡಿದವರಲ್ಲಿ ಪಾರ್ಶ್ವವಾಯು ಹೆಚ್ಚು ತೀವ್ರವಾಗಿದ್ದುದನ್ನು ಬ್ರಿಟನ್ನಿನ ನರರೋಗ ತಜ್ಞ ರಿಚಿ ರಸೆಲ್ 1940ರ ದಶಕದಲ್ಲೇ ಗುರುತಿಸಿದ್ದರು. ಹೃದಯದ ಸ್ನಾಯುವಿಗೂ ಸೋಂಕು ತರಬಲ್ಲ ಕಾಕ್ಸಾಕಿ ವೈರಸ್ ತಗಲಿದ ಇಲಿಗಳನ್ನು ಬಲವಂತವಾಗಿ ಈಜಿಸಿದಾಗ ಅವುಗಳ ಹೃದಯದಲ್ಲಿ ವೈರಸ್ ವಿಪರೀತ ಹೆಚ್ಚಿದ್ದು 1970ರ ಪ್ರಯೋಗದಲ್ಲಿ ಕಂಡುಬಂತು. ಜ್ವರವಿಲ್ಲದ ಬರಿಯ ಮೂಗು ಸೋರಿಕೆಯಾದರೆ ಹಗುರವಾಗಿ ಓಡಬಹುದು; ಜ್ವರ, ಮೈಕೈ ನೋವು, ಎದೆಕಫ ಇದ್ದರೆ ಬೇಡ.

ಪ್ರಶ್ನಿಸಿದವರು
ಧನ್ಯವಾದಗಳು. ಜ್ವರ ಇಳಿದ ದಿನವೇ ಓಟ ಆರಂಭಿಸಬಹುದೇ?

ಉತ್ತರ 2 – ಹಳೆಯ ವಿದ್ಯಾರ್ಥಿ
ಕೆಲವು ದಿನ ನಡಿಗೆಯಿಂದ ಆರಂಭಿಸಿ. ಬೆಳಗಿನ ನಾಡಿಬಡಿತ ಎಂದಿನ ಮಟ್ಟಕ್ಕೆ ಮರಳಿದೆಯೇ ನೋಡಿಕೊಳ್ಳಿ. ಎದೆನೋವು, ಎದೆಬಡಿತದಲ್ಲಿ ಏರುಪೇರು ಅಥವಾ ಸಣ್ಣ ಶ್ರಮಕ್ಕೂ ಏದುಸಿರು ಬಂದರೆ ಓಡದೆ ವೈದ್ಯರನ್ನು ಕಂಡು ಇಸಿಜಿ ಮಾಡಿಸಿಕೊಳ್ಳಿ.