ಸಹಾಯಾರ್ಥ ಯಕ್ಷಗಾನದ ಹಣ ಯಾರ ಖಾತೆಗೆ? ಲೆಕ್ಕಪರಿಶೋಧಕರೊಂದಿಗೆ ಪ್ರಶ್ನೋತ್ತರ

ನಿರ್ವಾಹಕ: ಸಹಾಯಾರ್ಥ ಪ್ರದರ್ಶನಗಳ ಹಣ, ತೆರಿಗೆ, ರಸೀದಿ ಕುರಿತ ಪ್ರಶ್ನೆಗಳನ್ನು ಇಲ್ಲಿ ಕೇಳಿ. ನಮ್ಮ ಗುಂಪಿನ ಲೆಕ್ಕಪರಿಶೋಧಕಿ ಉತ್ತರಿಸುತ್ತಾರೆ.

ಸಾಗರದ ಸದಸ್ಯ: ನಮಸ್ಕಾರ ಮೇಡಂ. ಟೆಂಟಿನ ಯಕ್ಷಗಾನ ಆಟಕ್ಕೆ 300 ರೂಪಾಯಿ ಟಿಕೆಟ್ ಇಟ್ಟಿದ್ದೇವೆ. ಜಿಎಸ್‌ಟಿ ಬೀಳುತ್ತದೆಯೇ?

ಲೆಕ್ಕಪರಿಶೋಧಕಿ: ಇಲ್ಲ. ಯಕ್ಷಗಾನ, ನಾಟಕ, ನೃತ್ಯ, ಸಂಗೀತಗಳ ಪ್ರವೇಶ ದರ ತಲೆಗೆ 500 ರೂಪಾಯಿ ಮೀರದಿದ್ದರೆ ವಿನಾಯಿತಿ ಇದೆ.

ಉಡುಪಿಯ ಸದಸ್ಯೆ: ಟಿಕೆಟ್ ಕೊಂಡವರಿಗೆ 80ಜಿ ರಸೀದಿ, ಅಂದರೆ ದಾನಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ ರಸೀದಿ, ಕೊಡಬಹುದೇ?

ಲೆಕ್ಕಪರಿಶೋಧಕಿ: ಆಗದು. ಅವರು ಹಣ ಕೊಟ್ಟು ಆಟ ನೋಡಿದ್ದಾರೆ, ಅದು ದಾನವಲ್ಲ. ಬೇರೆಯಾಗಿ ದೇಣಿಗೆ ಕೊಟ್ಟವರಿಗೆ ಕೊಡಬಹುದು, ಅದೂ ನಿಮ್ಮ ಸಂಸ್ಥೆಗೆ ಆ ಮಾನ್ಯತೆ ಇದ್ದರೆ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ವಿನಾಯಿತಿ ಇಲ್ಲ.

ಕುಂದಾಪುರದ ಸದಸ್ಯ: ನಮ್ಮೂರಿನ ಹುಡುಗನ ಮೂತ್ರಪಿಂಡ ಕಸಿಗಾಗಿ ಶನಿವಾರ ಬಯಲಾಟ ಇಟ್ಟಿದ್ದೇವೆ. ಸಮಿತಿ ನೋಂದಣಿಯಾಗಿಲ್ಲ. ಬ್ಯಾನರಿನಲ್ಲಿ ನನ್ನ ಖಾತೆಯ ಕ್ಯೂಆರ್ ಕೋಡ್ ಇದೆ. ಈಗಾಗಲೇ ನಾಲ್ಕು ಲಕ್ಷ ಬಂದಿದೆ. ತೊಂದರೆ ಏನೂ ಇಲ್ಲವಲ್ಲ?

ಲೆಕ್ಕಪರಿಶೋಧಕಿ: ಇದೆ. ಉಳಿದವರು ದಯವಿಟ್ಟು ಸ್ವಲ್ಪ ಕಾಯಿರಿ.

ಬಂಧುಗಳಲ್ಲದವರಿಂದ ಒಬ್ಬ ವ್ಯಕ್ತಿಗೆ ವರ್ಷದಲ್ಲಿ ಒಟ್ಟು 50,000 ರೂಪಾಯಿ ಮೀರಿ ಹಣ ಉಚಿತವಾಗಿ ಬಂದರೆ, ಆದಾಯ ತೆರಿಗೆ ಕಾನೂನು ಆ ಮೊತ್ತವನ್ನು ಪೂರ್ತಿಯಾಗಿ ಅವರ ಆದಾಯವೆಂದು ನೋಡುತ್ತದೆ. ಚಿಕಿತ್ಸೆಯ ಹಣ ಎಂಬ ಕಾರಣಕ್ಕೆ ತಾನಾಗಿ ವಿನಾಯಿತಿ ಸಿಗುವುದಿಲ್ಲ. ನೋಟಿಸ್ ಬಂದರೆ ‘ಇದು ನನ್ನದಲ್ಲ, ಹುಡುಗನಿಗಾಗಿ ಇಟ್ಟುಕೊಂಡದ್ದು’ ಎಂದು ಸಾಬೀತು ಮಾಡುವ ಹೊಣೆ ನಿಮ್ಮದು. ನಿಮಗೇ ಏನಾದರೂ ಆದರೆ ಹುಡುಗನ ಮನೆಯವರು ಆ ಹಣಕ್ಕಾಗಿ ನಿಮ್ಮ ವಾರಸುದಾರರ ಬಾಗಿಲಿಗೆ ಅಲೆಯಬೇಕಾಗುತ್ತದೆ.

ಇವತ್ತೇ ಕ್ಯೂಆರ್ ತೆಗೆಸಿ. ಆಸ್ಪತ್ರೆಯ ಲೆಕ್ಕಪತ್ರ ವಿಭಾಗಕ್ಕೆ ಹೋಗಿ, ಹುಡುಗನ ದಾಖಲಾತಿ ಸಂಖ್ಯೆಗೆ ದಾನಿಗಳು ನೇರವಾಗಿ ಜಮೆ ಮಾಡಲು ದಾರಿ ಇದೆಯೇ ಎಂದು ಕೇಳಿ. ಬಂದಿರುವ ನಾಲ್ಕು ಲಕ್ಷವನ್ನು ನಗದಾಗಿ ತೆಗೆಯದೆ ಬ್ಯಾಂಕಿನ ಮೂಲಕವೇ ಅಲ್ಲಿಗೆ ಕಳುಹಿಸಿ ರಸೀದಿ ಪಡೆಯಿರಿ. ದಾನಿಗಳ ಪಟ್ಟಿ ಇಡಿ. ಹಣ ಯಾರಿಗೆ, ಉಳಿದರೆ ಏನು ಎಂಬುದನ್ನು ಸಮಿತಿಯ ನಡಾವಳಿಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಶನಿವಾರದ ಹಣಕ್ಕೆ, ವೈದ್ಯಕೀಯ ನೆರವನ್ನೇ ಉದ್ದೇಶವಾಗಿ ಹೊಂದಿರುವ ನೋಂದಾಯಿತ ಟ್ರಸ್ಟ್ ಒಪ್ಪಿದರೆ ಅದರ ಖಾತೆ ಬಳಸಿ.

ಸಿತಾರ್ ವಾದಕ ರವಿಶಂಕರ್ ಮತ್ತು ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾ ನಿರಾಶ್ರಿತರಿಗಾಗಿ ಸಂಗೀತ ಕಾರ್ಯಕ್ರಮ ನಡೆಸಿದರು. ತೆರಿಗೆ ವಿನಾಯಿತಿಯ ವ್ಯವಸ್ಥೆಯನ್ನು ಮೊದಲೇ ಮಾಡಿಕೊಂಡಿರಲಿಲ್ಲ. ಧ್ವನಿಮುದ್ರಿಕೆ ಮತ್ತು ಚಿತ್ರದಿಂದ ಬಂದ ಹಣ ಅಮೆರಿಕದ ತೆರಿಗೆ ಇಲಾಖೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ನಿಮ್ಮ ಹುಡುಗನಿಗೆ ಅಷ್ಟು ಸಮಯವಿಲ್ಲ.

ಮಂಗಳೂರಿನ ಸದಸ್ಯ: ‘ಟಿಕೆಟ್ ಮೇಲೆ ಸ್ವಇಚ್ಛೆಯ ದೇಣಿಗೆ ಎಂದು ಮುದ್ರಿಸಿದರೆ ತೆರಿಗೆ ಇಲ್ಲ, ದೊಡ್ಡ ನಗದನ್ನು ಹಲವರ ಹೆಸರಿನ 2,000ದ ರಸೀದಿಗಳಾಗಿ ಒಡೆಯಿರಿ’ ಎಂಬ ಸಂದೇಶ ಎಲ್ಲೆಡೆ ಹರಿದಾಡುತ್ತಿದೆ. ಪಾಲಿಸಬಹುದೇ?

ಲೆಕ್ಕಪರಿಶೋಧಕಿ: ಬೇಡ! ಹಣ ಕೊಡದವರನ್ನು ಬಾಗಿಲಲ್ಲಿ ತಡೆದರೆ ಅದು ಟಿಕೆಟ್ಟೇ, ಏನು ಮುದ್ರಿಸಿದರೂ. ಒಬ್ಬರ ಹಣಕ್ಕೆ ಹಲವರ ಹೆಸರಿನ ರಸೀದಿ ಬರೆದರೆ ಅದು ಸುಳ್ಳು ದಾಖಲೆ. ಸಂದೇಶ ಬರೆದವರು ಯಾರೆಂದು ಯಾರಿಗೂ ತಿಳಿಯದು, ಉತ್ತರ ಕೊಡಬೇಕಾದವರು ಸಹಿ ಹಾಕಿದ ಖಜಾಂಚಿ. ಇನ್ನು ಮುಂದೆ ಇಂಥದ್ದನ್ನು ಇಲ್ಲಿ ಹಾಕಬೇಡಿ.

ಶಿರಸಿಯ ಸದಸ್ಯ: ಟಿಕೆಟ್ಟಿಗೆ 80ಜಿ ಸಿಗುತ್ತದೆಯೇ?

ಲೆಕ್ಕಪರಿಶೋಧಕಿ: ಮೇಲೆ ಓದಿ.

ದುಬೈ ಸದಸ್ಯ: ನಾವು ಇಲ್ಲಿಂದ ನೋಂದಾಯಿತ ಸಂಘಕ್ಕೆ ಹಣ ಕಳುಹಿಸಬಹುದೇ?

ಲೆಕ್ಕಪರಿಶೋಧಕಿ: ಭಾರತೀಯ ಪೌರರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸಬಹುದು. ವಿದೇಶಿ ಪೌರತ್ವ ಪಡೆದವರಿಂದ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ಅನುಮತಿ ಇಲ್ಲದ ಸಂಘ ಹಣ ಪಡೆಯುವಂತಿಲ್ಲ.

ಬ್ರಹ್ಮಾವರದ ಸದಸ್ಯೆ: ಆಟದ ನೇರ ಪ್ರಸಾರದಿಂದ ಬರುವ ಜಾಹೀರಾತಿನ ಹಣ ಮೇಳಕ್ಕೋ ಸಮಿತಿಗೋ?

ಕಾರ್ಕಳದ ಸದಸ್ಯ: ಮೊದಲು ಇದಕ್ಕೆ ಉತ್ತರ ಬೇಕು. ಸಹಾಯಾರ್ಥ ಆಟಕ್ಕೂ ಕಲಾವಿದರು ಸಂಭಾವನೆ ಕೇಳುವುದು ಸರಿಯೇ? ಸೇವೆ ಎಂದರೆ ಸೇವೆ.

ಹೊನ್ನಾವರದ ಚಂಡೆವಾದಕ: ಪೆಂಡಾಲಿನವರಿಗೆ, ಧ್ವನಿವರ್ಧಕದವರಿಗೆ ಎಣಿಸಿ ಕೊಡುವಾಗ ಈ ಸೇವೆಯ ಮಾತು ಎಲ್ಲಿರುತ್ತದೆ ಅಣ್ಣ? ಮಳೆಗಾಲದಲ್ಲಿ ತಿರುಗಾಟವಿಲ್ಲ. ಆಗ ನಮ್ಮ ಮನೆ ನಡೆಯುವುದೂ ಈ ಸಂಭಾವನೆಯಿಂದಲೇ.

ಕಾರ್ಕಳದ ಸದಸ್ಯ: ರೋಗಿಯ ಹಣದಲ್ಲಿ ಮನೆ ನಡೆಸುತ್ತೀರಾ?

ಹೊನ್ನಾವರದ ಚಂಡೆವಾದಕ: ಕಳೆದ ವರ್ಷ ನಿಮ್ಮ ವೇದಿಕೆಯಲ್ಲಿ ಸಾಲುಗಟ್ಟಿ ಕುಳಿತವರಿಗೆಲ್ಲ ಶಾಲು, ಹಾರ, ಸ್ಮರಣಿಕೆ ಕೊಟ್ಟಿರಿ. ಸನ್ಮಾನ ಮುಗಿಯುವ ತನಕ ಭಾಗವತರು ಕಾದು ಕುಳಿತಿದ್ದರು. ಅದರ ಲೆಕ್ಕ ಹಾಕಿ, ಆಮೇಲೆ ನಮ್ಮದನ್ನು ಕೇಳಿ.

ಕಾರ್ಕಳದ ಸದಸ್ಯ: ಲೆಕ್ಕ ಕೇಳಲು ನೀವು ಯಾರು?

ನಿರ್ವಾಹಕ: ಇಬ್ಬರೂ ನಿಲ್ಲಿಸಿ.

ಲೆಕ್ಕಪರಿಶೋಧಕಿ: ದುಡ್ಡು ಕೊಟ್ಟ ಯಾರು ಬೇಕಾದರೂ ಲೆಕ್ಕ ಕೇಳಬಹುದು. ಕಲಾವಿದರ ಸಂಭಾವನೆ ನ್ಯಾಯವಾದ ಖರ್ಚು, ಮೊದಲೇ ಘೋಷಿಸಿ. ಸನ್ಮಾನದ ಖರ್ಚನ್ನು ದೇಣಿಗೆಯಿಂದ ತೆಗೆಯಬೇಡಿ. ಕುಂದಾಪುರದವರೇ, ಆಸ್ಪತ್ರೆಗೆ ಹೋದಿರಾ?

ಕುಂದಾಪುರದ ಸದಸ್ಯ: ಬೆಳಿಗ್ಗೆ ಹೋಗುತ್ತೇವೆ ಮೇಡಂ. ಬ್ಯಾನರ್ ಮತ್ತೆ ಮುದ್ರಿಸಲು ಹಣ ಕೇಳುತ್ತಿದ್ದಾರೆ.

ಲೆಕ್ಕಪರಿಶೋಧಕಿ: ಹೊಸ ಬ್ಯಾನರ್ ಬೇಡ. ಕ್ಯೂಆರ್ ಮೇಲೆ ಕಾಗದ ಅಂಟಿಸಿ. ಆಸ್ಪತ್ರೆಯ ರಸೀದಿಯ ಚಿತ್ರವನ್ನು ನನಗೆ ಕಳುಹಿಸಿ.

ಶಿರಸಿಯ ಸದಸ್ಯ: ಮೇಲೆ ಎಂದರೆ ಎಲ್ಲಿ ಮೇಡಂ?