ಅಪ್‌ಡೇಟ್: ಆ ಹಳೆಯ ಗಿಟಾರ್ ಬಾಡಿ ಬ್ರೆಜಿಲ್‌ನ ಬೀಟೆ ಅಲ್ಲ

ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ, ಹೆಸರು ನಂಬರ್ ಏನೂ ಇಲ್ಲದ ಎಲೆಕ್ಟ್ರಿಕ್ ಗಿಟಾರ್ ಬಾಡಿ ಯಾವ ಮರದ್ದು ಅಂತ ಕೇಳಿದ್ದೆ. ಮಾರಿದವರು ಬ್ರೆಜಿಲಿಯನ್ ರೋಸ್‌ವುಡ್, ಅಂದರೆ ಬ್ರೆಜಿಲ್‌ನ ಬೀಟೆ, ಅಂದಿದ್ದರು. ಆ ಮರ 1992ರಿಂದ ಸೈಟೀಸ್‌ನ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಅತಿ ಬಿಗಿಯಾದ 1ನೇ ಅನುಬಂಧದಲ್ಲಿದೆ, ಹಾಗಾಗಿ ನನಗೆ ನಿಜಕ್ಕೂ ಭಯವಾಗಿತ್ತು.

ನಿಮ್ಮಲ್ಲೊಬ್ಬರು ಹೇಳಿದಂತೆ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಕೂರುವ ಗುಂಡಿಯೊಳಗೆ, ಪಾಲಿಶ್ ತಾಗದ ಕಡೆ, ಚೂರು ಕೆರೆದೆ. ಹೊರಗೆಲ್ಲ ಕಂದು, ಒಳಗೆ ಕುಂಕುಮದಂಥ ಕಿತ್ತಳೆಗೆಂಪು! ಬೀಟೆಯ ಸಿಹಿ ವಾಸನೆಯೂ ಇಲ್ಲ. ಆ ಪುಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಕತ್ತಲಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದೆ. ನೀರು ನೀಲಿಯಾಗಿ ಹೊಳೆಯಿತು. ಆ ಕ್ಷಣ ಮರೆಯಲಾರೆ.

ಈ ಹೊಳಪು ಟೆರೋಕಾರ್ಪಸ್ ಕುಲದ ಹಲವು ಮರಗಳಲ್ಲಿ ಕಾಣುವ ಗುರುತು. ನಮ್ಮ ಹೊನ್ನೆಯೂ ಅದೇ ಕುಲದ್ದು. ಬಡಗಿ ಗೆಳೆಯರೊಬ್ಬರು ಅಡ್ಡಕೊಯ್ತದ ಭಾಗವನ್ನು ಭೂತಗನ್ನಡಿಯಲ್ಲಿ ನೋಡಿ ಅದೇ ಕುಲದ ಆಫ್ರಿಕಾದ ಪಡೌಕ್ ಅಂದರು. ಅದು ಬೆಳಕು ತಾಗುತ್ತಾ ಕಂದಾಗುವ ಮರ, ಬಣ್ಣದ ಒಗಟು ಅಲ್ಲಿಗೆ ಬಗೆಹರಿಯಿತು. ಆಫ್ರಿಕಾದ ಟೆರೋಕಾರ್ಪಸ್ ಜಾತಿಗಳನ್ನು 2022ರ ಸೈಟೀಸ್ ಸಭೆಯಲ್ಲಿ 2ನೇ ಅನುಬಂಧಕ್ಕೆ (ವ್ಯಾಪಾರಕ್ಕೆ ನಿಯಂತ್ರಣವಿರುವ ಪಟ್ಟಿ) ಸೇರಿಸಿದ್ದಾರೆ, ಆದ್ದರಿಂದ ಖರೀದಿ ರಸೀದಿ ಜೋಪಾನವಾಗಿಟ್ಟಿದ್ದೇನೆ.

ಮಾಡಿದವರು ಯಾರೋ, ಕೈಕೆಲಸ ಅನ್ನುವುದು ಮಾತ್ರ ಖಚಿತ: ಗುಂಡಿಯ ಅಂಚುಗಳಲ್ಲಿ ಉಳಿಯ ಗುರುತುಗಳಿವೆ. ಅವನ್ನು ಉಜ್ಜಿ ತೆಗೆಯಲು ನನಗೆ ಮನಸ್ಸಿಲ್ಲ. ನೀವು ಕೆರೆಯುವುದಾದರೆ ಮಾಸ್ಕ್ ಹಾಕಿ, ಪಡೌಕ್ ಪುಡಿ ಮೂಗು, ಚರ್ಮ ಎರಡನ್ನೂ ಕೆರಳಿಸುತ್ತದೆ. ಮುಂದಿನ ವಾರ ಮೇಪಲ್ ಮರದ ನೆಕ್ (ಗಿಟಾರ್‌ನ ಉದ್ದನೆಯ ಕತ್ತು) ಕೂರಿಸುತ್ತೇನೆ.